ಆ ಒಂದು ಗಂಟೆಯ ಮಾಲೀಕರು ಯಾರು?

ನಮ್ಮ ಮನೆಯಲ್ಲಿ ಪೇಂಟರ್ ಏಣಿಯಿಂದ ಬಿದ್ದ ದಿನ ಸಂಜೆಯೊಳಗೇ ನನಗೆ ಎರಡು ಸಲಹೆಗಳು ಬಂದವು. "ನೀವು ಕೆಲಸ ಒಪ್ಪಿಸಿದ್ದು ಮೇಸ್ತ್ರಿಗೆ. ಅವನ ಆಳು ಬಿದ್ದರೆ ಅವನೇ ನೋಡಿಕೊಳ್ಳಲಿ, ನಿಮಗೇನೂ ಸಂಬಂಧವಿಲ್ಲ" ಎಂಬುದು ಮೊದಲನೆಯದು. "ಆಸ್ಪತ್ರೆ ಖರ್ಚು ಕೊಟ್ಟು, ಇನ್ನು ಯಾವ ತಕರಾರೂ ಇಲ್ಲ ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಂಡುಬಿಡಿ" ಎಂಬುದು ಎರಡನೆಯದು. ಹೇಳಿದವರೆಲ್ಲ ನಮ್ಮ ಹಿತವನ್ನೇ ಬಯಸುವವರು. ಆದರೆ ಮುಂದೆ ಆಸ್ಪತ್ರೆ, ವಕೀಲರ ಕಚೇರಿ, ನ್ಯಾಯಾಲಯ ಎಂದು ಓಡಾಡಿದ ಮೇಲೆ ತಿಳಿಯಿತು: ಮೊದಲನೆಯ ಮಾತು ಅರ್ಧ ತಪ್ಪು, ಎರಡನೆಯದು ಪೂರ್ತಿ ತಪ್ಪು. ಮನೆಗೆ ಬಣ್ಣ ಹೊಡೆಸುವವರು, ನಲ್ಲಿ ರಿಪೇರಿ ಮಾಡಿಸುವವರು, ಹೆಂಚು ಕೈಯಾಡಿಸುವವರು ಯಾರೇ ಆದರೂ ಇದನ್ನು ತಿಳಿದಿರಬೇಕು ಎನ್ನಿಸಿದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

2022ರ ಬೇಸಿಗೆಯಲ್ಲಿ ಮನೆಯ ಹೊರಗೋಡೆಗೆ ಬಣ್ಣ ಬಳಿಸಲು ಶುರು ಮಾಡಿದ್ದೆವು. ನೆಲ ಮಹಡಿ ಮತ್ತು ಅದರ ಮೇಲೊಂದು ಮಹಡಿಯ ಮನೆ. ಮೇಸ್ತ್ರಿಗೆ ಚದರ ಅಡಿ ಲೆಕ್ಕದಲ್ಲಿ ಕೂಲಿ ಗುತ್ತಿಗೆ. ಬಣ್ಣ, ಪುಟ್ಟಿ, ಪ್ರೈಮರ್ ನಮ್ಮದು. ಆಳುಗಳನ್ನು ಕರೆತರುವುದು, ಸಾರುವೆ ಕಟ್ಟಿಸುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು ಎಲ್ಲವೂ ಅವರ ಪಾಲಿನ ಕೆಲಸ. ಕೆಲಸ ನಡೆಯುವಾಗ ಒಂದು ಬೆಳಿಗ್ಗೆ ಹಿಂಬದಿಯ ಮಳೆನೀರಿನ ಪೈಪು ಗೋಡೆ ಬಿಟ್ಟು ಜೋತಾಡುತ್ತಿರುವುದು ಕಣ್ಣಿಗೆ ಬಿತ್ತು. ಎರಡು ಕ್ಲ್ಯಾಂಪು ಹೊಡೆದರೆ ಮುಗಿಯುವ ಕೆಲಸ. ಮೇಸ್ತ್ರಿ ಆ ದಿನ ಇನ್ನೊಂದು ಮನೆಯಲ್ಲಿದ್ದರು. ಫೋನ್ ಮಾಡಿದೆ. "ಅದು ನಮ್ಮ ಲೆಕ್ಕದಲ್ಲಿ ಬರುವುದಿಲ್ಲ ಅಮ್ಮಾ. ಹುಡುಗ ಅಲ್ಲೇ ಇದ್ದಾನಲ್ಲ, ಮಾಡಿಸಿಕೊಳ್ಳಿ. ಅವನ ಕೈಗೆ ಏನಾದರೂ ಕೊಟ್ಟುಬಿಡಿ" ಎಂದರು. ಎಲ್ಲರ ಮನೆಯಲ್ಲೂ ನಡೆಯುವ ಮಾತು ಇದು. ಇದೇ ಮಾತು ಮುಂದೆ ಇಡೀ ಪ್ರಕರಣದ ನಡುಗಂಬವಾಗಿ ನಿಂತಿತು.

ಅವರು "ಹುಡುಗ" ಎಂದದ್ದು ಮೂವತ್ತೈದು ವರ್ಷದ, ಇಬ್ಬರು ಮಕ್ಕಳ ತಂದೆಯನ್ನು. ಕೈ ಪಳಗಿದ ಪೇಂಟರ್. ನಮ್ಮದೇ ಅಲ್ಯೂಮಿನಿಯಂ ಏಣಿಯನ್ನು ತಂದು ಹಿಂಗೋಡೆಗೆ ಒರಗಿಸಿ ಹತ್ತಿದರು. ಮೇಲಿನ ಕ್ಲ್ಯಾಂಪು ಹೊಡೆದದ್ದೂ ಆಗಿತ್ತು. ಕೆಳಗೆ ಸಿಮೆಂಟ್ ನೆಲದ ಮೇಲೆ ಹಿಂದಿನ ದಿನ ಉಜ್ಜಿದ ಪುಟ್ಟಿಯ ಪುಡಿ ಹಿಟ್ಟಿನಂತೆ ಹರಡಿಕೊಂಡಿತ್ತು. ಏಣಿಯ ಕಾಲು ಅದರ ಮೇಲೆ ಜಾರಿತು. ಆತ ಏಣಿಯ ಜೊತೆಗೇ ಬರದೆ ನೆಗೆದದ್ದರಿಂದ ನೆಟ್ಟಗೆ ಎರಡೂ ಕಾಲಿನ ಮೇಲೆ ಬಿದ್ದರು. ತಲೆಗೆ ಪೆಟ್ಟಾಗಲಿಲ್ಲ. ಕೂತಲ್ಲೇ ಕೂತು, "ಅಮ್ಮಾ, ಎಡಗಾಲು ಊರಲಿಕ್ಕೆ ಆಗುತ್ತಿಲ್ಲ" ಎಂದರು.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು ಎಷ್ಟು ಎತ್ತರದಿಂದ ಎಂದು. ಹಿಮ್ಮಡಿಯ ಮೂಳೆ ಒಡೆದಿತ್ತು. ಕಾಲಿನ ಎಕ್ಸ್‌ರೇ ನೋಡಿದ ಕೂಡಲೇ ಬೆನ್ನಿನ ಎಕ್ಸ್‌ರೇಗೂ ಬರೆದುಕೊಟ್ಟರು. ಬೆನ್ನು ನೋವೆಂದು ಆತ ಹೇಳಿರಲಿಲ್ಲವಲ್ಲ ಎಂದದ್ದಕ್ಕೆ, ಎತ್ತರದಿಂದ ಹಿಮ್ಮಡಿಯ ಮೇಲೆ ಬಿದ್ದವರಲ್ಲಿ ಆ ಹೊಡೆತ ಬೆನ್ನುಮೂಳೆಯವರೆಗೂ ಹೋಗಿರಬಹುದು, ಕಾಲಿನ ನೋವಿನ ಮುಂದೆ ಅದು ಗೊತ್ತಾಗುವುದಿಲ್ಲ, ಹಾಗಾಗಿ ನೋಡಲೇಬೇಕು ಎಂದರು. ಬೆನ್ನು ಸರಿಯಾಗಿತ್ತು. ಬಿದ್ದವರು "ನನಗೇನೂ ಆಗಿಲ್ಲ, ಸ್ವಲ್ಪ ಉಳುಕಿದೆ" ಎಂದು ಎದ್ದು ಹೋಗಲು ನೋಡಿದರೂ ಬಿಡಬಾರದು ಎನ್ನುವುದಕ್ಕೆ ಈ ಒಂದು ಮಾತು ಸಾಕು.

ಕೆಲಸದ ಜಾಗದಲ್ಲಿ ಆದ ಗಾಯವೆಂದು ಆಸ್ಪತ್ರೆಯವರು ಅದನ್ನು ವೈದ್ಯಕೀಯ-ಕಾನೂನು ಪ್ರಕರಣ ಎಂದು ದಾಖಲಿಸಿ ಪೊಲೀಸರಿಗೆ ತಿಳಿಸಿದರು. "ಮನೆಯಲ್ಲೇ ಜಾರಿ ಬಿದ್ದದ್ದು ಎಂದು ಬರೆಸಿ, ರಗಳೆ ತಪ್ಪುತ್ತದೆ" ಎಂದು ಪಕ್ಕದಲ್ಲಿದ್ದ ಒಬ್ಬರು ಪಿಸುಗುಟ್ಟಿದರು. ಹಾಗೆ ಬರೆಸಿದ್ದರೆ ಆ ಮನುಷ್ಯನ ಪರಿಹಾರದ ಹಕ್ಕಿಗೆ ಮೊದಲ ದಿನವೇ ಕಲ್ಲು ಹಾಕಿದಂತಾಗುತ್ತಿತ್ತು. ಪರಿಹಾರದ ದಾವೆಯಲ್ಲಿ ಎಲ್ಲರೂ ಮೊದಲು ತೆಗೆದು ನೋಡುವುದು ಆಸ್ಪತ್ರೆಯ ಆ ಮೊದಲ ಪುಟವನ್ನು: ಎಲ್ಲಿ ಬಿದ್ದದ್ದು, ಯಾವ ಕೆಲಸ ಮಾಡುತ್ತಿದ್ದಾಗ ಬಿದ್ದದ್ದು. ನನ್ನ ಪತಿ ಇದ್ದದ್ದನ್ನು ಇದ್ದ ಹಾಗೆ ಬರೆಸಿದರು: ಇಂಥ ಮನೆ, ಹಿಂಗೋಡೆಯ ಪೈಪು, ಏಣಿ.

ಮರುದಿನ ಠಾಣೆಯಿಂದ ಒಬ್ಬರು ಬಂದು ಜಾಗ ನೋಡಿದರು. ಏಣಿಯನ್ನು ತಲೆಕೆಳಗು ಮಾಡಿ ಕಾಲಿನ ರಬ್ಬರ್ ಟೊಪ್ಪಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಎರಡೂ ಗಟ್ಟಿಯಾಗಿದ್ದವು. ಹತ್ತಿರದಲ್ಲಿ ವಿದ್ಯುತ್ ತಂತಿ ಹಾದುಹೋಗಿದೆಯೇ, ಗೋಡೆಯಲ್ಲಿ ಎಲ್ಲಾದರೂ ಶಾಕ್ ಹೊಡೆಯುತ್ತದೆಯೇ, ಸಜ್ಜಾ ಬಿರುಕು ಬಿಟ್ಟಿದೆಯೇ ಎಂದು ಕೇಳಿದರು. ಈ ಪ್ರಶ್ನೆಗಳ ಹಿಂದಿನ ತರ್ಕ ನನಗೆ ಆಮೇಲೆ ಅರ್ಥವಾಯಿತು. ಮನೆಯಲ್ಲಿ ಹೊರಗಿನವರ ಕಣ್ಣಿಗೆ ಕಾಣದ ಅಪಾಯವಿದ್ದು, ಅದು ಮನೆಯವರಿಗೆ ಗೊತ್ತಿದ್ದೂ ಹೇಳದಿದ್ದರೆ ಅದು ನಿರ್ಲಕ್ಷ್ಯ. ಅಲ್ಲಿ ಸಿವಿಲ್ ಹೊಣೆಯ ಜೊತೆಗೆ ಕ್ರಿಮಿನಲ್ ಹೊಣೆಯೂ ಬರಬಹುದು. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 288ನೇ ಕಲಮು ಕಟ್ಟಡ ಕೆಡಹುವಾಗ, ರಿಪೇರಿ ಮಾಡುವಾಗ ತೋರುವ ನಿರ್ಲಕ್ಷ್ಯದ ಬಗ್ಗೆಯೇ ಇತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 290ನೇ ಕಲಮು. ನಮ್ಮಲ್ಲಿ ಅಂಥದ್ದೇನೂ ಕಾಣದೆ ಪೊಲೀಸರ ಭಾಗ ಅಷ್ಟಕ್ಕೇ ನಿಂತಿತು.

ಇನ್ನು ವಕೀಲರ ವಿಷಯ. ಕಾರ್ಮಿಕ ಪ್ರಕರಣಗಳನ್ನೇ ನಡೆಸುವ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದೆವು. ಮೊದಲೇ ಹೇಳಿದೆ: "ಸರ್, ತಪ್ಪಿಸಿಕೊಳ್ಳುವ ದಾರಿ ಕೇಳಲು ನಾವು ಬಂದಿಲ್ಲ. ಕೊಡಬೇಕಾದದ್ದು ಎಷ್ಟು, ಯಾರು ಕೊಡಬೇಕು, ಹೇಗೆ ಕೊಡಬೇಕು, ಇಷ್ಟು ಹೇಳಿ." ಅವರು ಕನ್ನಡಕ ತೆಗೆದಿಟ್ಟು, "ಹಾಗಾದರೆ ಫೋನಿನಲ್ಲಿ ಮೇಸ್ತ್ರಿ ಏನೆಂದರು, ಅದನ್ನು ಅವರ ಮಾತಿನಲ್ಲೇ ಹೇಳಿ ಮೇಡಂ" ಎಂದರು.

ಅವರು ವಿವರಿಸಿದ್ದು ಹೀಗೆ. ಆಗ ಅನ್ವಯವಾಗುತ್ತಿದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ. 2009ರ ತಿದ್ದುಪಡಿಗೆ ಮೊದಲು ಅದರ ಹೆಸರು ಕಾರ್ಮಿಕರ ಪರಿಹಾರ ಕಾಯ್ದೆ ಎಂದಿತ್ತು. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಅಪಘಾತವಾದರೆ ಮಾಲೀಕ ಪರಿಹಾರ ಕೊಡಬೇಕು. ತಪ್ಪು ಯಾರದು ಎಂದು ಅದು ಕೇಳುವುದಿಲ್ಲ. "ಏಣಿಯನ್ನು ಅವನೇ ನೆಟ್ಟಗೆ ನಿಲ್ಲಿಸಿದ್ದ, ಪುಡಿ ಅವನೇ ಗುಡಿಸಬೇಕಿತ್ತು" ಎನ್ನುವ ವಾದಕ್ಕೆ ಅಲ್ಲಿ ಬೆಲೆಯಿಲ್ಲ. ಕುಡಿದಿದ್ದರೆ, ಸುರಕ್ಷತೆಗೆಂದು ಕೊಟ್ಟ ಸಾಧನವನ್ನು ಬೇಕೆಂದೇ ಬಿಚ್ಚಿಟ್ಟಿದ್ದರೆ, ಸ್ಪಷ್ಟವಾಗಿ ಹೇಳಿದ ಸುರಕ್ಷತಾ ನಿಯಮವನ್ನು ಬೇಕೆಂದೇ ಮೀರಿದ್ದರೆ ಮಾತ್ರ ಮಾಲೀಕನಿಗೆ ವಿನಾಯಿತಿ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ವಿನಾಯಿತಿಯೂ ಇಲ್ಲ. ಇಂಥ ಕಾನೂನು ನೂರು ವರ್ಷದ ಹಿಂದೆಯೇ ನಮ್ಮಲ್ಲಿ ಬಂದಿತ್ತು ಎನ್ನುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಂಡಿತು. ಬಡವನೊಬ್ಬ ಬಿದ್ದಾಗ ನಾವು ಮೊದಲು ಮಾಡುವುದೇ ಅವನ ತಪ್ಪು ಹುಡುಕುವ ಕೆಲಸ. ಕಾನೂನು ಆ ಮಾತನ್ನು ಬಾಗಿಲಲ್ಲೇ ತಡೆದಿದೆ.

ಉಳಿದದ್ದು, ಮಾಲೀಕ ಯಾರು ಎಂಬ ಪ್ರಶ್ನೆ. ಗೋಡೆಗೆ ಬಣ್ಣ ಬಳಿಯುವಾಗ ಬಿದ್ದಿದ್ದರೆ ಮೇಸ್ತ್ರಿಯೇ ಮಾಲೀಕ. ಆಳು ಆರಿಸಿದ್ದು, ಕೆಲಸ ಹೇಳುವುದು, ಕೂಲಿ ಕೊಡುವುದು ಎಲ್ಲ ಅವರೇ. ಗುತ್ತಿಗೆ ಕೊಟ್ಟವರ ಮೇಲೂ ಹೊಣೆ ಹೊರಿಸುವ 12ನೇ ಕಲಮು ಕಾಯ್ದೆಯಲ್ಲಿದೆ. ಆದರೆ ಅದು ತನ್ನ ವ್ಯಾಪಾರ ಅಥವಾ ವೃತ್ತಿಗಾಗಿ ಗುತ್ತಿಗೆ ಕೊಟ್ಟವರಿಗೆ. ಕಟ್ಟಡ ಕಟ್ಟಿ ಮಾರುವವರು, ಕಾರ್ಖಾನೆಯವರು ಅದರಲ್ಲಿ ಸಿಕ್ಕುತ್ತಾರೆ. ವಾಸದ ಮನೆಗೆ ಬಣ್ಣ ಹೊಡೆಸುವವರು ಸಾಮಾನ್ಯವಾಗಿ ಸಿಕ್ಕುವುದಿಲ್ಲ. ನಮಗೆ ಬಂದ ಮೊದಲ ಸಲಹೆ ಸರಿಯಾಗಿದ್ದದ್ದು ಇಲ್ಲಿಯವರೆಗೆ.

"ಆದರೆ ಆತ ಬಿದ್ದದ್ದು ಬಣ್ಣದ ಕೆಲಸದಲ್ಲಲ್ಲವಲ್ಲ" ಎಂದು ವಕೀಲರು ಪುಸ್ತಕ ತೆರೆದು ಮಾಲೀಕ ಎಂಬುದರ ವ್ಯಾಖ್ಯೆ ತೋರಿಸಿದರು. ಒಬ್ಬ ಮಾಲೀಕ ತನ್ನ ನೌಕರನ ಸೇವೆಯನ್ನು ತಾತ್ಕಾಲಿಕವಾಗಿ ಇನ್ನೊಬ್ಬರಿಗೆ ಎರವಲು ಕೊಟ್ಟರೆ ಅಥವಾ ಬಾಡಿಗೆಗೆ ಬಿಟ್ಟರೆ, ಆ ಕೆಲಸ ನಡೆಯುವಷ್ಟು ಹೊತ್ತು ಆ ಇನ್ನೊಬ್ಬರೇ ಮಾಲೀಕರು. "ಹುಡುಗ ಇದ್ದಾನಲ್ಲ, ಮಾಡಿಸಿಕೊಳ್ಳಿ, ಅವನ ಕೈಗೆ ಕೊಟ್ಟುಬಿಡಿ." ಎರವಲು ಎಂದರೆ ಇದೇ. ಕೆಲಸ ಹೇಳಿದ್ದು ನಾವು, ಜಾಗ ತೋರಿಸಿದ್ದು ನಾವು, ಏಣಿ ನಮ್ಮದು, ಕೂಲಿ ಕೊಡಬೇಕಿದ್ದದ್ದೂ ನಾವು. ಆ ಒಂದು ಗಂಟೆಯ ಮಾಲೀಕರು ನಾವೇ.

"ಒಂದು ಗಂಟೆಯ ಬಿಡಿ ಕೆಲಸಕ್ಕೂ ಈ ಕಾಯ್ದೆಯೇ?" ಎಂದು ನನ್ನ ಪತಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮೊದಲಿಗೆ ಕಾಯ್ದೆಯಲ್ಲಿ ಒಂದು ಹೊರತು ಇತ್ತಂತೆ: ಮಾಲೀಕನ ವ್ಯಾಪಾರಕ್ಕೆ ಸಂಬಂಧವಿಲ್ಲದ, ಆಕಸ್ಮಿಕ ಸ್ವರೂಪದ ಕೆಲಸಕ್ಕೆ ಬಂದವರು ಕಾರ್ಮಿಕ ಎಂಬ ವ್ಯಾಖ್ಯೆಯಲ್ಲಿ ಬರುತ್ತಿರಲಿಲ್ಲ. ಮನೆಯವರನ್ನು ಕಾಪಾಡುತ್ತಿದ್ದದ್ದು ಅದೇ ಸಾಲು. 2000ದ ತಿದ್ದುಪಡಿಯಲ್ಲಿ ಆ ಸಾಲನ್ನು ಕಿತ್ತುಹಾಕಲಾಯಿತು. ಇನ್ನು ಎರಡನೇ ಅನುಸೂಚಿ. ಯಾವ ಯಾವ ಕೆಲಸಗಳು ಕಾಯ್ದೆಗೆ ಒಳಪಡುತ್ತವೆ ಎಂಬ ಪಟ್ಟಿ ಅದು. ಅದರಲ್ಲಿ ಕಟ್ಟಡದ ನಿರ್ಮಾಣ, ನಿರ್ವಹಣೆ, ರಿಪೇರಿ, ಕೆಡಹುವಿಕೆ ಇವೆ. ಕಟ್ಟಡ ಒಂದಕ್ಕಿಂತ ಹೆಚ್ಚು ಅಂತಸ್ತಿನದಾಗಿರಬೇಕು, ಇಲ್ಲವೇ ನೆಲದಿಂದ ಚಾವಣಿಯ ತುದಿಗೆ ಹನ್ನೆರಡು ಅಡಿ ಅಥವಾ ಅದಕ್ಕಿಂತ ಎತ್ತರವಿರಬೇಕು. ಹನ್ನೆರಡು ಅಡಿ! ಇಂದು ಕಟ್ಟುವ ಮನೆಗಳಲ್ಲಿ ಎಷ್ಟು ಮನೆಗಳು ಈ ಅಳತೆಯಿಂದ ಹೊರಗುಳಿದಾವು?

ಆಮೇಲೆ ಲೆಕ್ಕ. ಶಸ್ತ್ರಚಿಕಿತ್ಸೆ ಮಾಡಿ ಹಿಮ್ಮಡಿಗೆ ಪ್ಲೇಟು ಹಾಕಿದ್ದರು. ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನು ಮಾಲೀಕ ಭರಿಸಬೇಕೆಂದು 2009ರ ತಿದ್ದುಪಡಿ ಹೇಳುತ್ತದೆ. ಅದನ್ನು ನಾವು ಆಸ್ಪತ್ರೆಗೆ ನೇರವಾಗಿ ಕಟ್ಟಿ, ರಸೀದಿಗಳನ್ನು ಆತನ ಹೆಸರಿನಲ್ಲೇ ಪಡೆದೆವು. ಇಲ್ಲಿ ಒಂದು ಸೂಕ್ಷ್ಮವಿದೆ. ಚಿಕಿತ್ಸೆಗೆಂದು ಕೊಟ್ಟ ಹಣವನ್ನು ಪರಿಹಾರದ ಮೊತ್ತದಲ್ಲಿ ಮುರಿದುಕೊಳ್ಳುವಂತಿಲ್ಲ. "ಆಸ್ಪತ್ರೆಗೆ ಇಷ್ಟು ಸುರಿದಿದ್ದೇವೆ, ಇನ್ನೇನು ಪರಿಹಾರ?" ಎಂದು ಕೇಳುವವರು ಇದನ್ನು ಗಮನಿಸಬೇಕು.

ಕೆಲಸಕ್ಕೆ ಹೋಗಲಾಗದ ಅವಧಿಗೆ ಅರ್ಧ ತಿಂಗಳಿಗೊಮ್ಮೆ, ತಿಂಗಳ ಕೂಲಿಯ ಶೇಕಡ 25ರಷ್ಟು ಪಾವತಿ. ಅಂದರೆ ತಿಂಗಳಿಗೆ ಅರ್ಧ ಕೂಲಿ. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳುವ ಕೂಲಿಗೂ ಒಂದು ಮಿತಿಯಿದೆ. 2020ರ ಜನವರಿಯ ಅಧಿಸೂಚನೆಯ ಪ್ರಕಾರ ಅದು ತಿಂಗಳಿಗೆ 15,000 ರೂಪಾಯಿ. ಅದಕ್ಕೆ ಮೊದಲು 8,000 ಇತ್ತು. ಆ ಲೆಕ್ಕದಲ್ಲಿ ಹದಿನೈದು ದಿನಕ್ಕೆ 3,750 ರೂಪಾಯಿ. ಆತನ ನಿಜವಾದ ದುಡಿಮೆ ಆ ಮಿತಿಗಿಂತ ಎಷ್ಟೋ ಮೇಲಿತ್ತು. ಆತನ ಹೆಂಡತಿಯ ಮುಂದೆ ಈ ಅಂಕಿ ಹೇಳಲು ನನಗೆ ಬಾಯಿ ಬರಲಿಲ್ಲ. ಕೈ ಪಳಗಿದ ಕೆಲಸಗಾರನ ಕುಟುಂಬ ಇಷ್ಟರಲ್ಲಿ ತಿಂಗಳು ನೂಕುವುದಾದರೂ ಹೇಗೆ? ತಪ್ಪು ಯಾರದೆಂದು ಕೇಳದಷ್ಟು ಉದಾರವಾದ ಕಾನೂನು ಮೊತ್ತದ ವಿಷಯಕ್ಕೆ ಬಂದಾಗ ಕೈ ಬಿಗಿ ಹಿಡಿದಿದೆ. ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಮಿತಿಯ ಮೇಲಿನ ಕೂಲಿಯನ್ನೂ ಸೇರಿಸಿ ಕೊಡಲು ಮನೆಯಲ್ಲಿ ತೀರ್ಮಾನಿಸಿದೆವು. ಹಾಗೆ ಕೊಡುವುದಾದರೆ ಎರಡನ್ನೂ ಬೇರೆ ಬೇರೆಯಾಗಿ, ಬ್ಯಾಂಕ್ ಖಾತೆಗೇ ಹಾಕಿ, ಯಾವುದು ಕಾಯ್ದೆಯ ಪಾವತಿ, ಯಾವುದು ನಾವಾಗಿ ಕೊಟ್ಟದ್ದು ಎಂದು ಕಾಗದದಲ್ಲಿ ಬರೆದಿಡಿ ಎಂದು ವಕೀಲರು ಹೇಳಿದರು. ಇಲ್ಲವಾದರೆ ಮುಂದೆ ದೊಡ್ಡ ಮೊತ್ತ ಲೆಕ್ಕ ಹಾಕುವಾಗ ಅದನ್ನೂ ಕಳೆಯಬೇಕೆಂಬ ಗೊಂದಲವಾಗುತ್ತದಂತೆ.

ಇದರ ನಡುವೆ ಛಾಪಾ ಕಾಗದವೂ ಬಂತು. ತಂದವರು ಮೇಸ್ತ್ರಿ. ಯಾರೋ ಟೈಪ್ ಮಾಡಿಸಿಕೊಟ್ಟಿದ್ದರು: ಇಷ್ಟು ಹಣ ಪಡೆದಿದ್ದೇನೆ, ಇನ್ನು ಮುಂದೆ ಮನೆಯವರ ಮೇಲಾಗಲಿ ಮೇಸ್ತ್ರಿಯ ಮೇಲಾಗಲಿ ಯಾವುದೇ ದಾವೆ ಹೂಡುವುದಿಲ್ಲ ಎಂಬ ಮುಚ್ಚಳಿಕೆ. ಅವರ ಮುಖದಲ್ಲಿ ಮೋಸವಿರಲಿಲ್ಲ, ಭಯವಿತ್ತು. ಕೆಲವು ವರ್ಷಗಳ ಹಿಂದಿನವರೆಗೆ ತಾವೂ ಬ್ರಷ್ ಹಿಡಿದು ಸಾರುವೆ ಹತ್ತಿದವರು. ಇಂದಿಗೂ ಅವರಲ್ಲಿ ಇರುವುದು ಒಂದು ಸ್ಕೂಟರ್ ಮತ್ತು ನಾಲ್ಕು ಜನರ ನಂಬಿಕೆ. "ಇದಕ್ಕೊಂದು ಸಹಿ ಹಾಕಿಸಿದರೆ ನನಗೂ ನಿಮಗೂ ನಿದ್ದೆ ಬರುತ್ತದೆ ಅಮ್ಮಾ" ಎಂದರು. ಅವರನ್ನು ಕೂರಿಸಿಕೊಂಡು ಕಾಯ್ದೆಯ 17ನೇ ಕಲಮು ಓದಿ ಹೇಳಿದೆ: ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡಿಕೊಳ್ಳುವ ಯಾವ ಕರಾರೂ ಊರ್ಜಿತವಲ್ಲ. ಸಹಿ ಹಾಕಿಸಿಕೊಂಡರೂ ಎರಡು ವರ್ಷದೊಳಗೆ ಆತ ಅರ್ಜಿ ಹಾಕಬಹುದು. ಆಗ ಆ ಕಾಗದ ನಮ್ಮನ್ನು ಕಾಯುವುದಿರಲಿ, ಅಸಹಾಯಕನ ಕೈಯಲ್ಲಿ ಬರೆಸಿಕೊಂಡವರು ಇವರು ಎಂದು ನಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಮೇಸ್ತ್ರಿ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ವಿಮೆ ಇದೆಯೇ ಎಂದು ಎಲ್ಲರೂ ಕೇಳುತ್ತಿದ್ದರು. ಇತ್ತು, ಉಪಯೋಗಕ್ಕೆ ಬರಲಿಲ್ಲ. ನಮ್ಮದು 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಕೊಡುವ ಭಾರತ್ ಗೃಹ ರಕ್ಷಾ ಪಾಲಿಸಿ. ಬೆಂಕಿ, ನೆರೆ, ಭೂಕಂಪಗಳಿಂದ ಮನೆಗೆ, ಮನೆಯ ಸಾಮಾನಿಗೆ ಆಗುವ ಹಾನಿ ಅದರ ವಿಷಯ. ಕೆಲಸದವರ ಗಾಯದ ಹೊಣೆಗೆ ನೌಕರರ ಪರಿಹಾರ ಪಾಲಿಸಿಯೆಂದು ಬೇರೆಯೇ ಇದೆ. ಆತನ ಬ್ಯಾಂಕ್ ಖಾತೆಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಿತ್ತು. ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ರಕ್ಷಣೆ ಒಳ್ಳೆಯದೇ. ಆದರೆ ಅದು ಅಪಘಾತದ ಸಾವಿಗೆ, ಕಣ್ಣು ಕೈ ಕಾಲುಗಳು ಶಾಶ್ವತವಾಗಿ ಹೋದದ್ದಕ್ಕೆ. ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದವರಿಗೆ ಅದರಲ್ಲಿ ಏನೂ ಇಲ್ಲ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಆತನಲ್ಲಿ ಇರಲಿಲ್ಲ. ಪೇಂಟರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಎಲ್ಲರೂ ಅಲ್ಲಿ ನೋಂದಾಯಿಸಿಕೊಳ್ಳಬಹುದು: 18ರಿಂದ 60 ವರ್ಷದೊಳಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಆ 90 ದಿನದ ದೃಢೀಕರಣ ಕೊಡುವವರು ಯಾರು ಎಂಬಲ್ಲೇ ಬಹಳ ಜನ ನಿಂತುಬಿಡುತ್ತಾರೆ. ಒಂದು ಮನೆಯಲ್ಲಿ ಹತ್ತು ದಿನ, ಇನ್ನೊಂದರಲ್ಲಿ ವಾರ, ಮಗದೊಂದರಲ್ಲಿ ಮೂರು ದಿನ ದುಡಿಯುವವರಿಗೆ ಯಾರು ಬರೆದುಕೊಡಬೇಕು? ನಮ್ಮ ಮನೆಯಲ್ಲಿ ಕೆಲಸ ಮಾಡಿದ ದಿನಗಳನ್ನು ನಾವು ಆ ಮೇಸ್ತ್ರಿಯ ಎಲ್ಲ ಆಳುಗಳಿಗೂ ಬರೆದುಕೊಟ್ಟೆವು. ಕಾಗದದ ಒಂದು ಹಾಳೆ, ಐದು ನಿಮಿಷದ ಕೆಲಸ. ಮನೆ ಕೆಲಸ ಮಾಡಿಸಿದವರೆಲ್ಲ ಇಷ್ಟು ಮಾಡಿದರೆ ಎಷ್ಟೋ ಜನರ ಕಾರ್ಡು ಆಗುತ್ತದೆ.

ಮೂಳೆ ಕೂಡಿದ ಮೇಲೆ ಅಂಗವೈಕಲ್ಯದ ಅಂದಾಜು. ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಮುಖ್ಯವಾದ ಘಟ್ಟ ಇದೆಂದು ನನ್ನ ಅನುಭವ. ಆತ ನಡೆಯುತ್ತಿದ್ದರು. ಸಮನೆಲದಲ್ಲಿ ನೋಡಿದರೆ ಏನೂ ಆಗಿಲ್ಲವೆನ್ನಬೇಕು. ಆದರೆ ವೈದ್ಯರು ಪರೀಕ್ಷಾ ಕೊಠಡಿಯಲ್ಲಿದ್ದ ಮಣೆಯ ಅಂಚಿನ ಮೇಲೆ ಎಡಗಾಲಿನಲ್ಲಿ ನಿಲ್ಲಿ ಎಂದಾಗ ಪಾದ ಒಳಕ್ಕೂ ಹೊರಕ್ಕೂ ವಾಲಲಾರದೆ ಮರದ ಹಲಗೆಯಂತೆ ಬಿಗಿದುಕೊಂಡಿತು, ಗೋಡೆ ಹಿಡಿದುಕೊಂಡರು. ಏಣಿಯ ಮೆಟ್ಟಿಲ ಮೇಲೆ ನಿಲ್ಲುವುದೆಂದರೆ ಅದೇ ತಾನೇ? ಕಾಲಿನ ವೈಕಲ್ಯ ಎಷ್ಟು ಎಂಬುದು ಒಂದು, ಅದರಿಂದ ಗಳಿಕೆಯ ಸಾಮರ್ಥ್ಯ ಎಷ್ಟು ಹೋಯಿತು ಎಂಬುದು ಇನ್ನೊಂದು. ಕಾಯ್ದೆ ಕೇಳುವುದು ಎರಡನೆಯದನ್ನು, ಅದನ್ನು ಹೇಳಬೇಕಾದವರು ಅರ್ಹ ವೈದ್ಯರು. ಕುಳಿತು ಲೆಕ್ಕ ಬರೆಯುವವರಿಗೆ ಹಿಮ್ಮಡಿ ಗಡುಸಾದರೆ ಗಳಿಕೆ ಹೋಗದು, ಪೇಂಟರ್‌ಗೆ ಹೋಗುತ್ತದೆ. 1975ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಬಡಗಿಯ ಪ್ರಕರಣದಲ್ಲಿ ಇದನ್ನು ಖಚಿತವಾಗಿ ಹೇಳಿದೆ: ಎಡಗೈ ಕಳೆದುಕೊಂಡವನು ಒಂದೇ ಕೈಯಲ್ಲಿ ಬಡಗಿಯ ಕೆಲಸ ಮಾಡಲಾರ, ಆದ್ದರಿಂದ ಅವನ ನಷ್ಟ ಪೂರ್ಣ ನಷ್ಟ. ಪರಿಹಾರ ಅಪಘಾತದ ದಿನದಿಂದಲೇ ಸಲ್ಲಬೇಕಾದದ್ದು ಎಂದೂ ಅದೇ ತೀರ್ಪು ಹೇಳಿತು.

ನಮ್ಮ ಪ್ರಕರಣದಲ್ಲಿ ವೈದ್ಯರು ಗಳಿಕೆಯ ನಷ್ಟವನ್ನು ಶೇಕಡ 20 ಎಂದು ಬರೆದರು. ಲೆಕ್ಕ ಹೀಗೆ: 15,000 ರೂಪಾಯಿಯ ಶೇಕಡ 60 ಎಂದರೆ 9,000. ಮೂವತ್ತೈದು ವರ್ಷದವರಿಗೆ ನಾಲ್ಕನೇ ಅನುಸೂಚಿ ಕೊಟ್ಟಿರುವ ಗುಣಕ 197.06. ಎರಡನ್ನೂ ಗುಣಿಸಿದರೆ 17,73,540. ಅದರ ಶೇಕಡ 20, ಅಂದರೆ 3,54,708 ರೂಪಾಯಿ. ಹಿಂದೆ ಕಾಯ್ದೆಯ ಪ್ರಕಾರ ಕೊಟ್ಟಿದ್ದ ಅರ್ಧ ತಿಂಗಳ ಪಾವತಿಗಳನ್ನು ಇದರಲ್ಲಿ ಕಳೆಯಲು ಅವಕಾಶವಿತ್ತು, ಕಳೆಯಲಿಲ್ಲ. ತಡ ಮಾಡಿದರೆ ಆಗುವುದನ್ನೂ ಹೇಳಬೇಕು: ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇಕಡ 12ರ ಬಡ್ಡಿ, ಸಮರ್ಥನೀಯ ಕಾರಣವಿಲ್ಲದ ವಿಳಂಬವಾದರೆ ಮೇಲೆ ಮೊತ್ತದ ಅರ್ಧದವರೆಗೆ ದಂಡ. ಎಷ್ಟೆಂಬ ಬಗ್ಗೆ ತಕರಾರಿದ್ದರೂ ಒಪ್ಪಿಕೊಂಡಷ್ಟನ್ನು ತಾತ್ಕಾಲಿಕವಾಗಿ ಕೊಡಲೇಬೇಕು.

ಮೇಸ್ತ್ರಿ ತಾವಾಗಿಯೇ ಒಂದು ಪಾಲು ಹಾಕಿದರು. ಹಾಕಲೇಬೇಕೆಂದು ನಾವು ಕೇಳಿರಲಿಲ್ಲ. "ಹುಡುಗ ನನ್ನನ್ನು ನಂಬಿ ಊರು ಬಿಟ್ಟು ಬಂದವನು" ಎಂದಷ್ಟೇ ಹೇಳಿದರು.

ಹಣವನ್ನು ಸುಮ್ಮನೆ ಕೈಗೆ ಕೊಟ್ಟು ಮುಗಿಸಬಾರದೆಂದು ವಕೀಲರು ಹಟ ಹಿಡಿದರು. ಇಬ್ಬರೂ ಒಪ್ಪಿದ ಇಡಿಗಂಟಿನ ಕರಾರನ್ನು 28ನೇ ಕಲಮಿನಡಿ ಪರಿಹಾರ ಆಯುಕ್ತರ ಬಳಿ ನೋಂದಾಯಿಸಬೇಕು, ಆಗಲೇ ಅದು ಊರ್ಜಿತ. ನೋಂದಾಯಿಸದೆ ಬಿಟ್ಟರೆ ಮುಂದೆ ಪೂರ್ತಿ ಮೊತ್ತವನ್ನೇ ಕೊಡಬೇಕಾಗಬಹುದು. ನಮ್ಮ ಕಡತ ಹೋದದ್ದು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ. ಆಯುಕ್ತರ ಅಧಿಕಾರ ಅವರಿಗಿತ್ತು. ಎರಡೂ ಕಡೆಗೆ ನೋಟಿಸ್ ಹೋಗಿ ಏಳು ದಿನ ಕಳೆಯುವವರೆಗೆ ದಾಖಲು ಮಾಡುವಂತಿಲ್ಲ. ನ್ಯಾಯಾಧೀಶರು ನಮ್ಮನ್ನು ಏನನ್ನೂ ಕೇಳಲಿಲ್ಲ, ಆತನನ್ನೇ ಕೇಳಿದರು: ಈ ಮೊತ್ತ ಹೇಗೆ ಬಂತು ಗೊತ್ತೇ? ಯಾರಾದರೂ ಒತ್ತಾಯ ಮಾಡಿದರೇ? ಇನ್ನೂ ಹೆಚ್ಚು ಕೇಳುವ ಹಕ್ಕು ನಿಮಗಿದೆ ಎಂದು ಯಾರಾದರೂ ಹೇಳಿದ್ದಾರೆಯೇ? ಮೊತ್ತ ಸಾಲದೆಂದು ಕಂಡರೆ, ಮೋಸ ಅಥವಾ ಒತ್ತಾಯ ಕಂಡರೆ ನೋಂದಣಿಯನ್ನೇ ನಿರಾಕರಿಸುವ ಅಧಿಕಾರ ಅವರಿಗಿದೆ. ಆತ ಹೆಂಡತಿಯ ಕಡೆ ತಿರುಗಿ ನೋಡಿದರು. ಆಕೆಯೇ ಉತ್ತರ ಕೊಟ್ಟರು: "ಲೆಕ್ಕ ತೋರಿಸಿದ್ದಾರೆ ಸ್ವಾಮಿ. ನಾನೇ ಕೂಡಿ ನೋಡಿದೆ." ಹತ್ತನೇ ತರಗತಿಯವರೆಗೆ ಓದಿದ ಆಕೆ ಆ ಗುಣಾಕಾರವನ್ನು ಮಗಳ ಪುಸ್ತಕದ ಹಿಂಬದಿಯಲ್ಲಿ ಮಾಡಿ ನೋಡಿದ್ದರಂತೆ.

ಈಗ ಕಾನೂನಿನ ಚೌಕಟ್ಟು ಬದಲಾಗಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಅದರ ಏಳನೇ ಅಧ್ಯಾಯ ಪರಿಹಾರದ್ದು. ಆಯುಕ್ತರ ಜಾಗದಲ್ಲಿ ಸಕ್ಷಮ ಪ್ರಾಧಿಕಾರ ಎಂಬ ಹೆಸರು ಬಂದಿದೆ. ಇಂಥ ಪ್ರಸಂಗ ಬಂದವರು ಕಲಮುಗಳ ಸಂಖ್ಯೆಯನ್ನು ನನ್ನಿಂದ ತೆಗೆದುಕೊಳ್ಳದೆ ವಕೀಲರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಬಾಕಿ ಉಳಿದಿದ್ದ ಗೋಡೆಗಳ ಕೆಲಸ ಮತ್ತೆ ಶುರುವಾಗುವ ಮೊದಲು ನೌಕರರ ಪರಿಹಾರ ಪಾಲಿಸಿ ಮಾಡಿಸಿದೆವು. ಎಷ್ಟು ಜನ, ಯಾವ ಕೆಲಸ, ಎಷ್ಟು ಎತ್ತರ, ಎಷ್ಟು ದಿನ, ಒಬ್ಬೊಬ್ಬರ ಕೂಲಿ ಎಷ್ಟು ಎಂದು ಕೇಳಿ, ಕೆಲಸದ ಅವಧಿಗಷ್ಟೇ ಕೊಟ್ಟರು. ಇಡೀ ಬಣ್ಣದ ಖರ್ಚಿನ ಮುಂದೆ ಆ ಕಂತು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಮೇಸ್ತ್ರಿಯೊಡನೆ ಎರಡು ಪುಟದ ಕರಾರನ್ನೂ ಬರೆದೆವು. ಅದರಲ್ಲಿ ನಾನು ಹಟ ಹಿಡಿದು ಸೇರಿಸಿದ ಸಾಲು ಒಂದೇ: ಗುತ್ತಿಗೆಯ ಹೊರಗಿನ ಯಾವ ಚಿಕ್ಕ ಕೆಲಸವನ್ನೂ ಮನೆಯವರು ಆಳುಗಳಿಗೆ ನೇರವಾಗಿ ಹೇಳುವುದಿಲ್ಲ, ಬೇಕಾದರೆ ಮೇಸ್ತ್ರಿಗೆ ಹೇಳಿ, ಅವರ ಲೆಕ್ಕಕ್ಕೇ ಸೇರಿಸಿ, ಅವರ ಮೂಲಕವೇ ಮಾಡಿಸುತ್ತಾರೆ.

ಆತ ಈಗ ಏಣಿ ಹತ್ತುವುದಿಲ್ಲ. ಬಾಗಿಲು, ಕಿಟಕಿ, ಮಂಚಗಳ ಪಾಲಿಷ್ ಕೆಲಸ ಹಿಡಿದಿದ್ದಾರೆ, ಬಂದ ಹಣದಲ್ಲಿ ಒಂದು ಸ್ಪ್ರೇ ಯಂತ್ರ ಕೊಂಡರು. ಕಲ್ಯಾಣ ಮಂಡಳಿಯ ಕಾರ್ಡೂ ಆಗಿದೆ. ಮೇಸ್ತ್ರಿ ಹೊಸ ಮನೆಯ ಕೆಲಸ ಒಪ್ಪಿಕೊಳ್ಳುವಾಗ ಪಾಲಿಸಿಯ ಕಂತನ್ನೂ ಅಂದಾಜು ಪಟ್ಟಿಯಲ್ಲಿ ಒಂದು ಸಾಲಾಗಿ ಬರೆದುಕೊಡುತ್ತಾರೆ. ಅದನ್ನು ಹೊಡೆದುಹಾಕಿ ಎನ್ನುವ ಮನೆಯವರಿಗೆ ನನ್ನ ಫೋನ್ ನಂಬರ್ ಕೊಡುತ್ತಾರೆ.